ಆರು ಸಾವಿರ ಸಾಲು, ಅರವತ್ತೆಂಟು ಹೊಸ ಗಿರಾಕಿ

ವರಮಹಾಲಕ್ಷ್ಮಿ ಹಬ್ಬ ಮುಗಿದ ಸೋಮವಾರ ಬೆಳಗ್ಗೆ ಸಾವ್ಕಾರ್ರ ಫೋನು. ದಾವಣಗೆರೆ ಮಂಡಿಪೇಟೆಯಲ್ಲಿ ಅವರದು ರೇಷ್ಮೆ ಸೀರೆ ಅಂಗಡಿ. ಅಂಗಡಿಯ ಇನ್‌ಸ್ಟಾಗ್ರಾಂ, ವಾಟ್ಸಾಪ್ ಎಲ್ಲ ನೋಡಿಕೊಳ್ಳೋದು ನನ್ನ ಕೆಲಸ. ಹಬ್ಬಕ್ಕೆ ಗಿರಾಕಿಗಳನ್ನು ಕರೆಯೋಕೆ ಫೋನಿನಲ್ಲಿ ಆಡೋ ಒಂದು ಆಟ ಇಟ್ಟಿದ್ದೆವು.

“ಎಷ್ಟು ಮಂದಿ ಆಡಿದ್ರು ತಂಗಿ?”

“6,214, ಸಾವ್ಕಾರ್ರೇ.”

“ಭಾಳ ಆತಲ್ಲ! ಮತ್ತೆ ಅಂಗ್ಡಿಗೆ ಅಷ್ಟು ಮಂದಿ ಬಂದಂಗೇ ಕಾಣ್ಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ಹಾಕಿ ಹೇಳ್ತೀನಿ ಅಂದೆ. ಆ ಲೆಕ್ಕ ಮುಗಿಸೋಕೆ ಮೂರು ವಾರ ಬೇಕಾಯಿತು.

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ಹೆಸರು ‘ಅಮ್ಮನಿಗೆ ಸೀರೆ ಉಡಿಸಿ’. ಫೋನಿನ ಪರದೆ ಮೇಲೆ ಕಲಶ ಇರುತ್ತೆ. ಆರು ಬಣ್ಣದ ಸೀರೆಗಳಲ್ಲಿ ಒಂದನ್ನು ಆರಿಸಿ ಉಡಿಸಬೇಕು. ಆಮೇಲೆ ಸೇವಂತಿಗೆ, ಮಲ್ಲಿಗೆ, ಕನಕಾಂಬರದಲ್ಲಿ ಒಂದು ಹೂವು. ಕೊನೆಗೆ ಹೆಸರು, ಫೋನ್ ನಂಬರ್, ಪಿನ್ ಕೋಡ್ ತುಂಬಿದರೆ ಒಂದು ಸ್ಕ್ರ್ಯಾಚ್ ಕಾರ್ಡ್. ಕೆರೆದರೆ ಐದು ಪರ್ಸೆಂಟೋ ಹತ್ತು ಪರ್ಸೆಂಟೋ ರಿಯಾಯಿತಿ, ಇಲ್ಲವೇ ಒಂದು ಬ್ಲೌಸ್ ಪೀಸು. ಆಡಿದವರೆಲ್ಲರ ಹೆಸರು ಲಾಟರಿಗೆ ಹೋಗುತ್ತೆ, ಗೆದ್ದ ಒಬ್ಬರಿಗೆ ರೇಷ್ಮೆ ಸೀರೆ. ಹನ್ನೆರಡು ದಿನ ನಡೆಸಿದೆವು.

ಆಟ ಮಾಡಿಕೊಟ್ಟವರು ಡೇಟಾವನ್ನು ಸಿಎಸ್‌ವಿ ಫೈಲಲ್ಲಿ, ಅಂದರೆ ಅಲ್ಪವಿರಾಮದಿಂದ ಕಾಲಮ್ಮುಗಳನ್ನು ಬೇರೆ ಮಾಡಿದ ಸಾದಾ ಫೈಲಲ್ಲಿ, ಕಳಿಸಿದರು. ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದೆ. ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಯಾವುದೋ ದೇಶದ ಮಂತ್ರದ ಥರ ಕಾಣುತ್ತಿದ್ದವು. ಕೆಲವು ಫೋನ್ ನಂಬರುಗಳು 9.88 ಅಂತ ಶುರುವಾಗಿ, ನಡುವೆ ಒಂದು ‘ಇ’ ಬಂದು, 09 ಅಂತ ಮುಗಿದಿದ್ದವು. ಫೈಲೇ ಹಾಳಾಗಿದೆ ಅಂದುಕೊಂಡು ಅವರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದೆ. ತಪ್ಪು ನನ್ನದೇ. ಎಕ್ಸೆಲ್‌ನಲ್ಲಿ ಖಾಲಿ ಶೀಟು ತೆರೆದು, ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತರಬೇಕು. ಅಕ್ಷರದ ಬಗೆ ಕೇಳಿದಾಗ ಯುಟಿಎಫ್-8 ಆರಿಸಬೇಕು, ಫೋನ್ ಕಾಲಮ್ಮನ್ನು ‘ಟೆಕ್ಸ್ಟ್’ ಅಂತ ಮಾಡಬೇಕು. ಆಗ ಎಲ್ಲ ಸರಿಯಾಗಿ ಬರುತ್ತೆ. ನಂಬರು ಕೆಟ್ಟು ಕಾಣುವಾಗ ಹಾಗೇ ಸೇವ್ ಮಾಡಿದರೆ ಮಾತ್ರ ಕಥೆ ಮುಗಿಯಿತು, ಕೊನೆಯ ಅಂಕಿಗಳು ವಾಪಸ್ ಬರಲ್ಲ. ಅದಕ್ಕೆ ಮೂಲ ಫೈಲಿನದೊಂದು ನಕಲು ಮಾಡಿ ಬೇರೆ ಕಡೆ ಇಟ್ಟೇ ಕೆಲಸ ಶುರು ಮಾಡೋದು ಒಳ್ಳೇದು.

ಫೈಲು ಸರಿಯಾದ ಮೇಲೆ ನಿಜವಾದ ತಲೆನೋವು ಶುರು. 6,214 ಅನ್ನೋದು ಜನರ ಲೆಕ್ಕ ಅಲ್ಲ, ಸಾಲುಗಳ ಲೆಕ್ಕ. ಒಬ್ಬರು ಒಂದು ಸಲ ಫಾರಂ ತುಂಬಿದರೆ ಒಂದು ಸಾಲು. ಒಬ್ಬರಿಗೆ ಒಂದೇ ಕೂಪನ್ ಅಂತ ಮಿತಿ ಹಾಕಿಸೋದನ್ನು ನಾನು ಮರೆತಿದ್ದೆ. ಬ್ಲೌಸ್ ಪೀಸು ಬರೋವರೆಗೂ ಜನ ಕೆರೆದಿದ್ದಾರೆ, ಕೆರೆಯದೇ ಬಿಡ್ತಾರಾ?

ಫೋನ್ ನಂಬರಿನ ಮುಂದಿನ +91, ಸೊನ್ನೆ, ನಡುವಿನ ಜಾಗ ಎಲ್ಲ ತೆಗೆದು, ಬರೀ ಕೊನೆಯ ಹತ್ತು ಅಂಕಿ ಉಳಿಸಿಕೊಂಡೆ. ಒಂದೇ ನಂಬರಿನ ಸಾಲುಗಳನ್ನು ಒಂದು ಮಾಡಿದಾಗ 3,870 ಉಳಿಯಿತು. ನಮ್ಮಲ್ಲಿ ಮೊಬೈಲ್ ನಂಬರು 6, 7, 8, 9ರಲ್ಲೇ ಶುರುವಾಗಬೇಕು. ಹಾಗಿಲ್ಲದವು, ಎಲ್ಲ ಒಂಬತ್ತೇ ಇರುವವು, 9876543210 ಥರದವು ಎಲ್ಲ ತೆಗೆದೆ. 3,645 ಆಯಿತು.

ಒಂದು ನಂಬರಿನಲ್ಲಿ ಮಾತ್ರ 46 ಸಾಲು ಇದ್ದವು. ಹೆಸರು ಒಂದೊಂದರಲ್ಲೂ ಬೇರೆ ಬೇರೆ. ಇದು ಪಕ್ಕಾ ಮೋಸ ಅಂತ ಕೆಂಪು ಬಣ್ಣ ಹಚ್ಚಿ, ಅಳಿಸೋ ಮುಂಚೆ ಸುಮ್ನೆ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ನಮ್ಮ ಅಂಗಡಿಯ ಕೌಂಟರಿನ ಹುಡುಗಿ!

“ಹೌದು ಅಕ್ಕಾ, ಅಂಗಡಿ ಫೋನಲ್ಲಿ ನಾನೇ ಆಡಿಸಿದೆ. ವಯಸ್ಸಾದೋರು ಬರ್ತಾರಲ್ಲ, ಅವರ ಹತ್ರ ಟಚ್ ಫೋನಿರಲ್ಲ. ಗೋಡೆ ಮೇಲಿನ ಕ್ಯೂಆರ್ ನೋಡಿ ‘ನಮಗಿಲ್ಲವಾ?’ ಅಂತ ಕೇಳೋರು.”

46 ಅಜ್ಜಿಯರು, ಅತ್ತೆಯರು. ನಿಜವಾದ ಗಿರಾಕಿಗಳು. ಅವರನ್ನು ನಾನು ಕಳ್ಳರ ಪಟ್ಟಿಗೆ ಸೇರಿಸಿದ್ದೆ. ಅದೇ ಫೈಲಿನಲ್ಲಿ ಒಂದೇ ನಿಮಿಷದಲ್ಲಿ ಬಂದ ಇಪ್ಪತ್ತು ಸಾಲುಗಳಿದ್ದವು. ಇಪ್ಪತ್ತೂ ಬೇರೆ ಬೇರೆ ನಂಬರು, ಎಲ್ಲಕ್ಕೂ ದೆಹಲಿಯ 110001 ಪಿನ್ ಕೋಡು. ಅವು ನೋಡೋಕೆ ಚೆನ್ನಾಗೇ ಇದ್ದವು, ನನ್ನ ಜರಡಿಯಲ್ಲಿ ಒಂದೂ ಸಿಕ್ಕಿರಲಿಲ್ಲ. ಎಲ್ಲೋ ಒಂದು ಕೂಪನ್ ಗುಂಪಿನಲ್ಲಿ ನಮ್ಮ ಲಿಂಕು ಹೋಗಿರಬೇಕು.

ನಂಬರು ನಿಜವೋ ಸುಳ್ಳೋ ತಿಳಿಯೋಕೆ ಒಟಿಪಿ ಇಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಎಸ್‌ಎಂಎಸ್ ಕಳಿಸೋಕೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮದಂತೆ, ವ್ಯಾಪಾರದ ಮೆಸೇಜು ಕಳಿಸೋರ ದಾಖಲೆ ಇಡೋ ಡಿಎಲ್‌ಟಿಯಲ್ಲಿ ನೋಂದಣಿ ಮಾಡಿಸಿ, ಮೆಸೇಜಿನ ಒಕ್ಕಣೆಗೂ ಒಪ್ಪಿಗೆ ಪಡೆಯಬೇಕು. ಹಬ್ಬ ಹತ್ತಿರ ಬಂದಿತ್ತು, ಬಿಟ್ಟೆ. ಈಗ ಲಾಟರಿಯಲ್ಲಿ ಗೆದ್ದವರಿಗೆ ಮಾತ್ರ ನಾವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತೇವೆ. ಜೊತೆಗೆ ಅಂಗಡಿಯವರ ಮನೆ ನಂಬರುಗಳನ್ನು ಲಾಟರಿಯಿಂದ ಮೊದಲೇ ತೆಗೆಯುತ್ತೇವೆ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1987ರಲ್ಲಿ ಶುರು ಮಾಡಿದ ಮೊನೊಪೊಲಿ ಆಟದಲ್ಲಿ ದೊಡ್ಡ ಬಹುಮಾನದ ಚೀಟಿಗಳನ್ನು ವರ್ಷಗಟ್ಟಲೆ ಕದ್ದು ಹಂಚಿದವನು, ಆಟ ನಡೆಸುತ್ತಿದ್ದ ಕಂಪನಿಯಲ್ಲಿ ಅವನ್ನು ಕಾಯೋಕೆ ಇದ್ದ ಭದ್ರತಾ ಮುಖ್ಯಸ್ಥನೇ. ಎಫ್‌ಬಿಐ ಅವನನ್ನು ಹಿಡಿದದ್ದು 2001ರಲ್ಲಿ. ನಮ್ಮದು ಒಂದು ಸೀರೆಯ ವಿಷಯ, ಆದರೂ ಬೀದಿಯಲ್ಲಿ ಮಾತು ಬರಬಾರದು.

ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಫೋನಿಗೆ ಸಿಗೋ ನಂಬರು, ನೋಡಿ ಜನರನ್ನು ಎಣಿಸೋ ಪ್ರಯತ್ನವನ್ನೂ ಮಾಡಿದೆ. ಯಾರೂ ಮಾಡಬೇಡಿ. ಒಂದೇ ಐಪಿಯಿಂದ ಇನ್ನೂರಕ್ಕೂ ಹೆಚ್ಚು ಸಾಲು ಕಂಡು ಗಾಬರಿಯಾಗಿತ್ತು. ಹಳೆ ಬಗೆಯ ಐಪಿ ವಿಳಾಸಗಳು ಸಾಕಾಗದೆ ಮೊಬೈಲ್ ಕಂಪನಿಗಳು ಸಾವಿರಾರು ಫೋನುಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಒಂದೇ ವಠಾರಕ್ಕೆ ಒಂದೇ ಅಂಚೆ ಡಬ್ಬಿ ಇದ್ದ ಹಾಗೆ. ಇದೇ ಕಾರಣಕ್ಕೆ, ಆಟಕ್ಕೆ ಬಂದವರನ್ನು ಎಣಿಸೋ ಗೂಗಲ್ ಅನಲಿಟಿಕ್ಸ್‌ನ ಊರಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬೆಂಗಳೂರು ಇತ್ತು. ಅದು ಊರನ್ನು ಊಹಿಸೋದು ಐಪಿ ನೋಡಿ. ಇಲ್ಲಿ ಕೂತು ಆಡಿದವರ ಫೋನಿನ ದಾರಿ ಬೆಂಗಳೂರಿನ ಮೇಲೆ ಹೋದರೆ ಅವರು ಬೆಂಗಳೂರಿನವರೇ ಆಗಿಬಿಡ್ತಾರೆ. ಸಾವ್ಕಾರ್ರು ಅದನ್ನು ನೋಡಿ ಬೆಂಗಳೂರಿನಲ್ಲಿ ಜಾಹೀರಾತು ಹಾಕೋಣ ಅಂತ ಹೊರಟಿದ್ದರು. ಜನ ತಾವೇ ತುಂಬಿದ ಪಿನ್ ಕೋಡು ನೋಡಿದರೆ ಜಾಸ್ತಿ ಇದ್ದದ್ದು 577001, 577002, 577004. ಆಮೇಲೆ ಹರಿಹರದ 577601.

ಗಂಟೆಯ ವಿಷಯದಲ್ಲೂ ಹೀಗೇ ಏಮಾರಿದೆ. ಜನ ಅತಿ ಹೆಚ್ಚು ಆಡಿದ್ದು ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಅಂತ ಫೈಲು ಹೇಳುತ್ತಿತ್ತು. ಊಟ ಮುಗಿಸಿ, ಪಾತ್ರೆ ತೊಳೆದು, ಅಮ್ಮಂದಿರು ಸ್ವಲ್ಪ ಕಾಲು ಚಾಚೋ ಹೊತ್ತು ಅಲ್ವಾ ಅಂತ ನಾನೇ ಕಥೆ ಕಟ್ಟಿಕೊಂಡೆ. ಹಬ್ಬದ ನಂತರದ ಮೆಸೇಜನ್ನು ಮೂರು ಗಂಟೆಗೇ ಕಳಿಸಿದೆ. ತಿರುಗಿಯೂ ನೋಡಲಿಲ್ಲ ಯಾರೂ. ಸರ್ವರಿನ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಅಂತ ಆಮೇಲೆ ಗೊತ್ತಾಯಿತು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಅವರು ಆಡಿದ್ದು ರಾತ್ರಿ ಒಂಬತ್ತರಿಂದ ಹತ್ತೂವರೆ. ಧಾರಾವಾಹಿ ಮುಗಿದ ಮೇಲೆ ಅಂತ ಈಗ ಇನ್ನೊಂದು ಕಥೆ ಕಟ್ಟಬಹುದು, ಕಟ್ಟಲ್ಲ ಬಿಡಿ.

ಸರಾಸರಿ ಆಟದ ಸಮಯ ಏಳು ನಿಮಿಷ ಅಂತ ವರದಿ ಇತ್ತು. ಯಾರೋ ಆಟ ತೆರೆದು ಫೋನು ಪಕ್ಕಕ್ಕಿಟ್ಟು ಅಡುಗೆಗೆ ಹೋದರೆ ಮೂರು ಗಂಟೆ ಅಂತ ಲೆಕ್ಕಕ್ಕೆ ಬರುತ್ತೆ. ಎಲ್ಲ ಸಮಯಗಳನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನದು ನೋಡಿದೆ: 48 ಸೆಕೆಂಡು.

ಫಾರಂನಲ್ಲಿ ಮೊದಲು ಹುಟ್ಟಿದ ದಿನವನ್ನೂ ಕೇಳಿದ್ದೆವು. ಹುಟ್ಟುಹಬ್ಬಕ್ಕೆ ಆಫರ್ ಕಳಿಸೋಣ ಅನ್ನೋ ದುರಾಸೆ. ಆಟ ಮುಗಿಸಿದ ನೂರರಲ್ಲಿ 52 ಜನ ಮಾತ್ರ ಫಾರಂ ತುಂಬುತ್ತಿದ್ದರು. ಐದನೇ ದಿನ ಆ ಪ್ರಶ್ನೆ ತೆಗೆದೆವು, 71ಕ್ಕೆ ಏರಿತು. ಇನ್ನೊಂದು ವಿಷಯವೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತಿದೆ. ಅಮ್ಮನ ಫೋನಿನಲ್ಲಿ ಮಕ್ಕಳು ಆಡಿಯೇ ಆಡ್ತಾರೆ. ಈಗ ಹೆಸರನ್ನೂ ಪೂರ್ತಿ ಕೇಳಲ್ಲ. ‘ನಮಗೆ ಮೆಸೇಜ್ ಕಳಿಸಬಹುದು’ ಅನ್ನೋದಕ್ಕೆ ಬೇರೆ ಚೌಕ ಇದೆ, ಅದರಲ್ಲಿ ಮೊದಲೇ ಟಿಕ್ ಹಾಕಿರಲ್ಲ. ಟಿಕ್ ಹಾಕದಿದ್ದರೂ ಕೂಪನ್ ಸಿಗುತ್ತೆ.

ಇನ್ನು ಸೀರೆ ಬಣ್ಣದ ಪ್ರಸಂಗ. ಆರು ಬಣ್ಣದಲ್ಲಿ ಗಿಣಿ ಹಸಿರಿಗೆ ಸಿಕ್ಕಾಪಟ್ಟೆ ಮತ. ರಾಣಿ ಬಣ್ಣ, ಆನಂದ ನೀಲಿ, ನೇರಳೆ ಎಲ್ಲ ಹಿಂದೆ. ನಾನು ಖುಷಿಯಾಗಿ ಒಂದು ಚಾರ್ಟ್ ಮಾಡಿ ಕಳಿಸಿದೆ. ಸಾವ್ಕಾರ್ರು ದೀಪಾವಳಿಗೆ ಗಿಣಿ ಹಸಿರು ಜಾಸ್ತಿ ತರಿಸೋಕೆ ಧರ್ಮಾವರಕ್ಕೆ ಫೋನ್ ಮಾಡೋದರಲ್ಲಿದ್ದರು. ತಡೆದದ್ದು ಮೂವತ್ತು ವರ್ಷದಿಂದ ಸೀರೆ ಬಿಚ್ಚಿ ತೋರಿಸುತ್ತಿರುವ ನಮ್ಮ ಸೇಲ್ಸ್‌ಮನ್ ಅಣ್ಣ. ಚಾರ್ಟ್ ನೋಡಿ ಅವರು ನಕ್ಕರು.

“ಮೇಡಂ, ನೀವು ಕೇಳಿದ್ದು ಅಮ್ಮನಿಗೆ ಯಾವ ಸೀರೆ ಅಂತ. ಅಮ್ಮನಿಗೆ ಹಸಿರೇ ಉಡಿಸ್ತಾರೆ. ತಾವು ಉಡೋದು ಬೇರೆ.”

ಅಷ್ಟು ಹೊತ್ತು ಕಂಪ್ಯೂಟರ್ ಮುಂದೆ ಕೂತ ನನಗೆ ಇದು ಹೊಳೆದಿರಲಿಲ್ಲ. ಕೇಳಿದ್ದು ದೇವಿಗೆ ಏನು ಅಂತ, ಓದಿಕೊಂಡದ್ದು ಗಿರಾಕಿಗೆ ಏನು ಅಂತ. ಅನುಮಾನ ಬಂದು ಆಟವನ್ನು ಮತ್ತೆ ತೆರೆದು ನೋಡಿದರೆ ಇನ್ನೊಂದು ಎಡವಟ್ಟು. ಗಿಣಿ ಹಸಿರು ಎಲ್ಲರಿಗೂ ಮೊದಲನೇ ಜಾಗದಲ್ಲೇ ಕಾಣುತ್ತಿತ್ತು, ಹೆಬ್ಬೆರಳಿಗೆ ಹತ್ತಿರ. ಬೇಗ ಕೂಪನ್ ಬೇಕಾದವರು ಮೊದಲು ಸಿಕ್ಕಿದ್ದನ್ನು ಒತ್ತಿ ಮುಂದೆ ಹೋಗಿದ್ದಾರೆ. ಹತ್ತು ಸೆಕೆಂಡಿನೊಳಗೆ ಆರಿಸಿದವರನ್ನು ಬಿಟ್ಟು ಎಣಿಸಿದೆ. ಹಸಿರು ಆಗಲೂ ಮುಂದೆಯೇ, ಆದರೆ ಕೂದಲೆಳೆಯಷ್ಟು. ದೀಪಾವಳಿ ಆಟದಲ್ಲಿ ‘ನಿಮಗೆ’ ಅಂತ ಕೇಳಿದೆವು. ಬಣ್ಣಗಳ ಜಾಗವನ್ನು ಪ್ರತಿಯೊಬ್ಬರಿಗೂ ಕಲಸಿ ತೋರಿಸಿದೆವು. ರಾಣಿ ಬಣ್ಣ ಗೆದ್ದಿತು.

ಬಹುಮಾನದ ಆಸೆಗೆ ಒತ್ತಿದ್ದನ್ನು ಇಷ್ಟ ಅಂತ ಓದಿಕೊಳ್ಳೋ ಈ ಗೊಂದಲ ಬಹುಮಾನ ದೊಡ್ಡದಾದಷ್ಟೂ ಜಾಸ್ತಿ. 2019ರ ದೀಪಾವಳಿಗೆ ಗೂಗಲ್ ಪೇ ಸ್ಟಾಂಪ್ ಕೂಡಿಸೋ ಆಟ ಇಟ್ಟಿದ್ದು ನೆನಪಿದೆಯಾ? ದೀಪ, ಜುಮಕಿ, ಹೂವು, ಲಾಟೀನು ಎಲ್ಲರ ಹತ್ತಿರ ಇತ್ತು, ರಂಗೋಲಿ ಮಾತ್ರ ಯಾರಿಗೂ ಸಿಗದು. ಐದೂ ಕೂಡಿಸಿದರೆ ಸಿಗೋ 251 ರೂಪಾಯಿಗೆ ನಾನೂ ವಾರಗಟ್ಟಲೆ ನೆಂಟರಿಷ್ಟರ ಹತ್ತಿರ ಬೇಡಿದ್ದೇನೆ. ಆಗ ನನ್ನ ಫೋನಿನಿಂದ ಹೋದ ಮೆಸೇಜುಗಳನ್ನು ಯಾರಾದರೂ ಎಣಿಸಿದ್ದರೆ ನನಗೆ ಆ ಆ್ಯಪ್ ಮೇಲೆ ಭಾಳ ಪ್ರೀತಿ ಅಂದುಕೊಳ್ಳುತ್ತಿದ್ದರು. ನನಗೆ ಬೇಕಿದ್ದದ್ದು ರಂಗೋಲಿ.

ಸಾವ್ಕಾರ್ರ ಪ್ರಶ್ನೆಗೆ ಬರ್ತೀನಿ. ಕೂಪನ್ನಿಗೆ ಒಂದೊಂದಕ್ಕೂ ಬೇರೆ ಕೋಡ್ ಕೊಟ್ಟಿದ್ದೆವು, ಅದೊಂದು ಪುಣ್ಯ. ಬಿಲ್ ಮಾಡೋ ಸಾಫ್ಟ್‌ವೇರಿನಲ್ಲಿ ಕೋಡ್ ಹಾಕೋಕೆ ಜಾಗ ಇರಲಿಲ್ಲ, ಕ್ಯಾಷಿಯರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹಬ್ಬದ ರಶ್ಶಿನಲ್ಲಿ ಕೆಲವು ಬಿಟ್ಟೂ ಹೋಗಿರಬಹುದು. ಬರೆದದ್ದು 233. ಅದರಲ್ಲಿ 46 ಕೌಂಟರಿನ ಹುಡುಗಿ ಆಡಿಸಿದವು. ಅವರು ನಿಜವಾದ ಜನ, ಸರಿ. ಆದರೆ ಆಗಲೇ ಅಂಗಡಿಯೊಳಗೆ ಇದ್ದವರು, ಆಟ ಅವರನ್ನು ಕರೆದುತಂದಿಲ್ಲ. ಉಳಿದದ್ದು 187. ಅವರ ಫೋನ್ ನಂಬರನ್ನು ಹಳೆ ಬಿಲ್ಲುಗಳ ಜೊತೆ ಹೋಲಿಸಿದೆ. 119 ಜನ ಮುಂಚೆಯೂ ನಮ್ಮಲ್ಲಿ ಸೀರೆ ತಗೊಂಡವರೇ. ಹೊಸಬರು 68.

ಆ 187ರಲ್ಲಿ 17 ಜನ ರಾಣೆಬೆನ್ನೂರಿನ 581115ರವರು. ಆಡಿದವರಲ್ಲಿ ರಾಣೆಬೆನ್ನೂರಿನವರು ನೂರಕ್ಕೆ ಮೂರೇ ಇದ್ದರು, ಬಂದವರಲ್ಲಿ ನೂರಕ್ಕೆ ಒಂಬತ್ತು. ಹದಿನೇಳು ಜನರ ಮೇಲೆ ದೊಡ್ಡ ಮಾತು ಆಡಬಾರದು, ನಿಜ. ಆದರೂ ಮುಂದಿನ ಸಲ ಅಲ್ಲಿಗೂ ಸ್ವಲ್ಪ ದುಡ್ಡು ಹಾಕಿ ನೋಡೋಣ ಅಂತ ಅನ್ನಿಸಿತು, ಹಾಕಿದೆವು.

68 ಅಂದಾಗ ಸಾವ್ಕಾರ್ರು ಒಂದು ನಿಮಿಷ ಸುಮ್ಮನಿದ್ದರು. “ಹಳೇ 119 ಮಂದೀನೂ ಆಟದಿಂದಲೇ ಬಂದ್ರು ಅನ್ನಬೌದಲ್ಲ?” ಅಂದರು. ಅನ್ನಬಹುದು, ಗೊತ್ತಿಲ್ಲ. ಹಬ್ಬಕ್ಕೆ ಹೆಂಗಿದ್ದರೂ ಬರುತ್ತಿದ್ದವರಿಗೆ ನಾವೇ ಕರೆದು ಹತ್ತು ಪರ್ಸೆಂಟ್ ಬಿಟ್ಟಿದ್ದರೂ ಬಿಟ್ಟಿರಬಹುದು.

ಅದಕ್ಕೇ ದೀಪಾವಳಿಗೆ ಹಳೆ ಗಿರಾಕಿಗಳಲ್ಲಿ 1,500 ಜನರ ಪಟ್ಟಿ ಮಾಡಿ, ಎಕ್ಸೆಲ್‌ನಿಂದ ಚೀಟಿ ಎತ್ತಿದ ಹಾಗೆ 300 ಜನರನ್ನು ತೆಗೆದೆ. ಆಟ ಇಲ್ಲದೆಯೂ ಎಷ್ಟು ಜನ ಬರ್ತಾರೆ ನೋಡೋಕೆ ಅವರಿಗೆ ಮೆಸೇಜು ಕಳಿಸಲಿಲ್ಲ. ಉಳಿದ 1,200 ಜನರಿಗೆ ಆಟದ ಲಿಂಕು ಹೋಯಿತು. ಹಬ್ಬ ಮುಗಿದ ಮೇಲೆ ಬಿಲ್ಲು ನೋಡಿದರೆ, ಲಿಂಕು ಹೋದವರಲ್ಲಿ 96 ಜನ ಬಂದಿದ್ದರು, ನೂರಕ್ಕೆ ಎಂಟು. ಹೋಗದವರಲ್ಲಿ 21, ನೂರಕ್ಕೆ ಏಳು. ಇಷ್ಟು ಸಣ್ಣ ವ್ಯತ್ಯಾಸ ಆಟದಿಂದಲೋ ಅದೃಷ್ಟದಿಂದಲೋ ಹೇಳೋಕಾಗಲ್ಲ. ಯುಗಾದಿಗೆ ಇನ್ನೂ ದೊಡ್ಡ ಪಟ್ಟಿಯಲ್ಲಿ ಮತ್ತೆ ಮಾಡೋಣ ಅಂದೆ. ಸಾವ್ಕಾರ್ರಿಗೆ ಅಷ್ಟೇನೂ ಇಷ್ಟ ಇರಲಿಲ್ಲ.

ಕಾರಣ ಲೆಕ್ಕ ಅಲ್ಲ. ಚೀಟಿ ಎತ್ತಿದಾಗ ಅವರ ಸ್ವಂತ ಅಕ್ಕನೇ ಆ 300ರಲ್ಲಿ ಬಂದುಬಿಟ್ಟಿದ್ದರು. ಪಕ್ಕದ ಮನೆಯವರಿಗೆಲ್ಲ ಕೂಪನ್ ಬಂದಿದೆ, ತವರಿನ ಅಂಗಡಿಯಿಂದ ನನಗೇ ಇಲ್ಲವಾ ಅಂತ ಹರಿಹರದಿಂದ ಫೋನ್ ಮಾಡಿ ತಮ್ಮನಿಗೆ ಚೆನ್ನಾಗಿ ಬೈದಿದ್ದಾರೆ. ಇವರು ನನಗೆ ಹೇಳದೇ ತಮ್ಮ ಫೋನಿನಿಂದ ಲಿಂಕು ಕಳಿಸಿದ್ದಾರೆ. ಅಕ್ಕ ಬಂದು ಎರಡು ರಾಣಿ ಬಣ್ಣದ ಸೀರೆ ತಗೊಂಡು ಹೋದರು. ಬಿಲ್ಲು ಹೋಲಿಸುವಾಗ ಅದು ಸಿಕ್ಕಿತು. ಶೀಟಿನಿಂದ ಒಂದು ಸಾಲು ತೆಗೆದೆ. 299 ಜನ, ಬಂದವರು 20.