ಮೊದಲು ಕೇಳುತ್ತೇನೆ, ಆಮೇಲೆ ಕೈ ಹಾಕುತ್ತೇನೆ

ನಾನು ಮಿಷನ್ ಆಸ್ಪತ್ರೆಯ ವಾರ್ಡಿನಲ್ಲಿ ಸ್ವಯಂಸೇವಕ. ಡಾಕ್ಟರ್ ಓದಿಲ್ಲ, ನರ್ಸಿಂಗ್ ಕೂಡ ಓದಿಲ್ಲ. ಹಾಗಾದರೆ ಅಲ್ಲಿ ನಿನಗೇನು ಕೆಲಸ ಅಂತ ಹಲವರು ಕೇಳುತ್ತಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ (8:12) ಅಪೊಸ್ತಲ ಪೌಲರು ಹೇಳುವುದು ಇಷ್ಟೇ: ಮನಸ್ಸಿದ್ದು, ಕೈಲಿದ್ದಷ್ಟು ಕೊಟ್ಟರೆ ದೇವರಿಗೆ ಅದು ಮೆಚ್ಚಿಗೆ. ಅವರು ಬರೆದದ್ದು ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ. ನನ್ನ ಸಮಯಕ್ಕೂ ಅದು ಸಲ್ಲುತ್ತದೆ ಅಂತ ನಂಬಿ ಹೋಗುತ್ತಿದ್ದೇನೆ.

ವಾರ್ಡಿಗೆ ಕಾಲಿಟ್ಟ ಕೂಡಲೇ ಸಿಸ್ಟರ್ ಹತ್ತಿರ ಹೋಗಿ ಏನು ಬಾಕಿ ಇದೆ ಅಂತ ಕೇಳುತ್ತೇನೆ. ನೀರು ತುಂಬಿಡುವುದು, ವೀಲ್‌ಚೇರ್ ತಳ್ಳುವುದು ಎಲ್ಲ ಬೇಗ ಮುಗಿಯುತ್ತದೆ. ಜಾಸ್ತಿ ಹೊತ್ತು ಬೇಕಾಗುವುದು ಲಕ್ವ ಹೊಡೆದವರಿಗೆ ಊಟ ಮಾಡಿಸಲು. ಸಿಸ್ಟರ್ ಪಕ್ಕದಲ್ಲೇ ನಿಂತು ಕಲಿಸಿದ್ದಾರೆ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ತಲೆ ಹಿಂದಕ್ಕೆ ವಾಲಬಾರದು. ಅರ್ಧ ಚಮಚ ಸಾಕು, ಅದೂ ಸ್ವಾಧೀನ ಇರುವ ಕಡೆಯ ದವಡೆಗೆ. ಗಂಟಲು ಆಡಿ, ನುಂಗಿದ್ದು ಗೊತ್ತಾದ ಮೇಲೆಯೇ ಮುಂದಿನ ತುತ್ತು. ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ, ನಿಲ್ಲಿಸಿ ಸಿಸ್ಟರನ್ನು ಕರೆಯಬೇಕು. ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುವ ಭಯ ಇರುತ್ತದೆ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುವಂತಿಲ್ಲ. ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿರುತ್ತೇನೆ. ಯಾರಿಗೂ ಹೇಳದ ಮಾತುಗಳನ್ನು ಅವರು ಆಡುವುದು ಆಗಲೇ.

ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ, ನಿನಗೇನು ಮಾಡಬೇಕು ಅಂತ ಯೇಸುಸ್ವಾಮಿ ಅವನನ್ನೇ ಕೇಳಿದರು. ಕಣ್ಣು ಕಾಣದವನಿಗೆ ಏನು ಬೇಕು ಅಂತ ನೋಡಿದರೇ ಗೊತ್ತಾಗುತ್ತೆ ಅಲ್ವಾ? ಆದರೂ ಕೇಳಿದರು. ಹಾಗಾಗಿ ನಾನೂ ಕೇಳುತ್ತೇನೆ. "ಮಗಳು ಬರ್ತಾಳೆ, ಈ ಗಡ್ಡ ತೆಗೆದುಬಿಡಪ್ಪ" ಅಂದರು ಒಬ್ಬ ಅಜ್ಜ. ರಕ್ತ ತೆಳುವಾಗಿಸುವ ಮಾತ್ರೆ ನಡೀತಿದ್ದರೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ, ಅದಕ್ಕೆ ಮೊದಲು ಸಿಸ್ಟರ್ ಒಪ್ಪಿಗೆ ಪಡೆದೆ. ಬಿಸಿ ಬಟ್ಟೆ ಒತ್ತಿ, ಜೋತುಬಿದ್ದ ಕೆನ್ನೆಯನ್ನು ಬೆರಳಲ್ಲಿ ಎಳೆದು ಹಿಡಿದು, ನಿಧಾನವಾಗಿ ಬೋಳಿಸಿದೆ. ಮುಗಿದ ಮೇಲೆ ಕನ್ನಡಿ ಕೇಳಿ ಇಸಿದುಕೊಂಡರು.

ಪ್ರಾರ್ಥನೆ ಮಾಡಲೇ ಅಂತಲೂ ಕೇಳುತ್ತೇನೆ. ಬೇಡ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಎದ್ದು ಹೋಗಲು ಆಗದವರ ಮುಂದೆ ನಿಂತು ಒತ್ತಾಯ ಮಾಡುವುದು ಖಂಡಿತ ತಪ್ಪು. ಬೇಡ ಅಂದವರಿಗೂ ಆರೈಕೆಯಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಬಾರದು. ಅವರಿಗಾಗಿ ನನ್ನ ಕೋಣೆಯಲ್ಲಿ ಬೇಡಿಕೊಳ್ಳುತ್ತೇನೆ. ಸಭೆಯ ಪ್ರಾರ್ಥನಾಕೂಟದಲ್ಲಿ ರೋಗಿಯ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಎತ್ತುವುದಿಲ್ಲ. ನಂಬಿ ಹೇಳಿದ ಮಾತದು.

ಈ ಸೇವೆಗೆ ಬರಬೇಕು ಅನ್ನುವವರು ವಾರಕ್ಕೊಂದೇ ದಿನ ಒಪ್ಪಿಕೊಂಡರೂ ಪರವಾಗಿಲ್ಲ, ಒಪ್ಪಿದ ದಿನ ತಪ್ಪಿಸಬೇಡಿ. ನಿಮ್ಮನ್ನು ನಂಬಿಯೇ ಸಿಸ್ಟರ್ ಕೆಲಸ ಹಂಚಿರುತ್ತಾರೆ. ಜ್ವರ, ನೆಗಡಿ ಇದ್ದರೆ ಮಾತ್ರ ವಾರ್ಡಿಗೆ ಹೋಗಬೇಡಿ. ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ, ಬದಲಿಗೆ ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ.