ಎಲೆಕ್ಷನ್ ಡ್ಯೂಟಿ ಬಿದ್ದಾವ್ರು ಪದವೀಧರ ಕ್ಷೇತ್ರಕ್ಕ ಪೋಸ್ಟಲ್ ವೋಟ್ ಹಾಕೂದು ಹೆಂಗ

ವಿಧಾನ ಪರಿಷತ್ತಿನ ವಾಯವ್ಯ ಪದವೀಧರ ಕ್ಷೇತ್ರ, ವಾಯವ್ಯ ಶಿಕ್ಷಕರ ಕ್ಷೇತ್ರ ಅಂದ್ರ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲಾ ಸೇರಿ. ಎಲೆಕ್ಷನ್ ಬಂದಾಗೆಲ್ಲಾ ಸ್ಟಾಫ್ ರೂಮಿನ್ಯಾಗ ಇದ ಮಾತು, ಡ್ಯೂಟಿ ಆರ್ಡರ್ ಬಂದೈತಿ, ನಂದೂ ವೋಟ್ ಐತಿ, ಯಾವಾಗ ಹಾಕ್ಲಿ ಅಂತ. ಪೋಸ್ಟಲ್ ಬ್ಯಾಲೆಟ್ ಇರೂದು ಅದಕ್ಕ. ಆದ್ರ ಪುಣೆದಾಗ ನೌಕರಿ ಮಾಡ್ತೀನಿ, ಬೆಂಗಳೂರಾಗ ಅದೀನಿ ಅನ್ನಾವ್ರಿಗೆ ಇದು ಸಿಗೂದಿಲ್ರಿ, ಅವ್ರು ಊರಿಗೆ ಬಂದ ಹಾಕಬೇಕು.

ಆರ್ಡರ್ ಕೈಗೆ ಬಂದ ದಿನಾನ ಫಾರ್ಮ್ 12 (ಪೋಸ್ಟಲ್ ಬ್ಯಾಲೆಟ್ ಕೇಳೂ ಅರ್ಜಿ) ತುಂಬಿ ಕೊಡ್ರಿ. ವೋಟಿಂಗಿಗೆ ಕನಿಷ್ಠ 7 ದಿನ ಮೊದಲ ಅದು ಚುನಾವಣಾಧಿಕಾರಿಗೆ ಮುಟ್ಟಬೇಕು. ಟ್ರೇನಿಂಗ್ ದಿವ್ಸ ಕೊಟ್ರಾತು ಅಂತ ಕುಂತ್ರ ಒಮ್ಮೊಮ್ಮೆ ಟೈಮ್ ಮುಗದಿರ್ತದ. ವೋಟರ್ ಲಿಸ್ಟಿನ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮೊದಲ ನೋಡಿ ಬರಕೊಂಡ ಹೋಗ್ರಿ.

ಇನ್ನ ಕವರಿನ ವಿಷಯ, ಭಾಳ ವೋಟ್ ಕೆಡೂದು ಇಲ್ಲೇ. ಬ್ಯಾಲೆಟ್ ಜೋಡಿ ಒಂದು ಘೋಷಣಾ ಪತ್ರ (13ಎ), ಒಂದು ಸಣ್ಣ ಕವರ್ (13ಬಿ), ಒಂದು ದೊಡ್ಡ ಕವರ್ (13ಸಿ) ಕೊಡ್ತಾರ. ಸಣ್ಣ ಕವರಿನ್ಯಾಗ ಬ್ಯಾಲೆಟ್ ಒಂದ, ಬ್ಯಾರೆ ಏನೂ ಇಡಬ್ಯಾಡ್ರಿ. ಅದನ್ನ ಅಂಟಿಸಿ, ಬ್ಯಾಲೆಟ್ ನಂಬರ್ ಕವರ್ ಮ್ಯಾಲೂ ಘೋಷಣಾ ಪತ್ರದಾಗೂ ಒಂದ ಇರೂ ಹಂಗ ನೋಡಿ, ಗೆಜೆಟೆಡ್ ಆಫೀಸರ್ ಎದುರಿಗೆ ಸಹಿ ಮಾಡಿ ಅವರ ದೃಢೀಕರಣ ತಗೊಂಡು, ಆಮ್ಯಾಲ ಸಣ್ಣ ಕವರ್ ಮತ್ತ ಘೋಷಣಾ ಪತ್ರ ಎರಡೂ ಬಿಡಿಬಿಡಿಯಾಗಿ ದೊಡ್ಡ ಕವರಿನ್ಯಾಗ ಹಾಕ್ರಿ. 2022ರಾಗ ನನ್ನ ಜೋಡಿ ಡ್ಯೂಟಿ ಮಾಡಿದ ಮಾಸ್ತರೊಬ್ರು ಘೋಷಣಾ ಪತ್ರ ಸಣ್ಣ ಕವರಿನೊಳಗ ಸೇರಿಸಿ ಅಂಟಿಸಿಬಿಟ್ಟಿದ್ರು, ರಾತ್ರಿ ಚಾ ಕುಡಿಯುವಾಗ ನೆನಪಾಗಿ ಪಾಪ ಮುಖ ಸಣ್ಣದು ಮಾಡಿ ಕುಂತ್ರು. ಎಣಿಕಿ ಟೇಬಲಿನ್ಯಾಗ ಮೊದಲ ನೋಡೂದ ಘೋಷಣಾ ಪತ್ರ, ಅದು ಸಿಗಲಿಲ್ಲ ಅಂದ್ರ ಸಣ್ಣ ಕವರ್ ಒಡಿಯೂದ ಇಲ್ಲ, ಒಳಗ ಎಷ್ಟ ಚಂದ ಬರದಿದ್ರೂ ಲೆಕ್ಕಕ್ಕಿಲ್ಲ.

ಬ್ಯಾಲೆಟ್ ಮ್ಯಾಲ ಟಿಕ್ ಮಾಡಬ್ಯಾಡ್ರಿ, ಇಲ್ಲಿ ನಂಬರ್ ಬರೀಬೇಕು. ನಿಮ್ಮ ಮೊದಲ್ನೇ ಪಸಂದಿನವರ ಮುಂದ 1, ಆಮ್ಯಾಲ 2, 3 ಹಿಂಗ. ಅಂಕಿ ಕನ್ನಡದ್ದಾದ್ರೂ ನಡೀತೈತಿ, ರೋಮನ್ ಆದ್ರೂ ನಡೀತೈತಿ, ಆದ್ರ ಒಂದು, ಎರಡು ಅಂತ ಅಕ್ಷರದಾಗ ಬರದ್ರ ನಡಿಯಂಗಿಲ್ಲ. 1 ಇಲ್ಲಾಂದ್ರ, ಇಲ್ಲಾ ಇಬ್ಬರ ಮುಂದ 1 ಬರದ್ರ ವೋಟ್ ತಿರಸ್ಕಾರ. ಹೆಸರು, ಸಹಿ, ಹೆಬ್ಬೆಟ್ಟು ಬ್ಯಾಲೆಟ್ ಮ್ಯಾಲ ಬೀಳಲೇಬಾರದು.

1 ಒಂದ ಬರದು ಬಿಟ್ರೂ ವೋಟ್ ಸರಿನ, ಆದ್ರ ನಾನಂತೂ 2, 3 ಬರೀರಿ ಅಂತೀನಿ. ಗೆಲ್ಲಾಕ ಅರ್ಧಕ್ಕಿಂತ ಜಾಸ್ತಿ ಬೇಕು, ಅಂದ್ರ 1,000 ಸಿಂಧು ವೋಟ್ ಇದ್ರ 501. ಮೊದಲ್ನೇ ಸುತ್ತಿನ್ಯಾಗ ಯಾರೂ ಅಷ್ಟು ಮುಟ್ಟಲಿಲ್ಲ ಅಂದ್ರ ಎಲ್ಲಾರಕಿಂತ ಕಡಿಮಿ ಬಿದ್ದಾವ್ರನ್ನ ತಗದು, ಅವರ ವೋಟ್ 2 ಅಂತ ಬರದಾವ್ರಿಗೆ ಕೊಡ್ತಾರ, ಯಾರರ ಗೆಲ್ಲೂ ತನಕ ಹಿಂಗ ಮುಂದ ನಡೀತೈತಿ. ನೀವು 2 ಬರೀಲಿಲ್ಲ ಅಂದ್ರ ಅಲ್ಲಿಗೆ ನಿಮ್ಮ ವೋಟ್ ನಿಂತಂಗ. ಅಮೆರಿಕಾದ ಜಾರ್ಜಿಯಾದಾಗ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರ ಮೊದಲ್ನೇ ಎಲೆಕ್ಷನ್ ಆಗಿ 28 ದಿನಕ್ಕ ರನ್ಆಫ್ ಅಂತ ಎರಡ್ನೇ ಎಲೆಕ್ಷನ್ ಮಾಡ್ತಾರ, ಆದ್ರ ಹೊರದೇಶದಾಗಿರೂ ಮಂದಿಗೆ ಅಷ್ಟರಾಗ ಇನ್ನೊಂದು ಬ್ಯಾಲೆಟ್ ಹೋಗಿ ಬರೂದ ಕಷ್ಟ ಅಂತ ಮೊದಲ 1, 2, 3 ಬರಿಯೂ ಬ್ಯಾಲೆಟ್ ಕಳಸ್ತಾರ. ನಮ್ಮದೂ ಅದ ಕತಿ, ಎರಡ್ನೇ ಸುತ್ತಿಗೆ ನಿಮ್ಮನ್ನ ಯಾರೂ ಕರಿಯಂಗಿಲ್ಲ, ಆ ಕವರಿನ್ಯಾಗ ಏನ ಬರದಿರ್ತೀರಿ ಅದ ಕಡೀ ಮಾತು.

ಕಳಸೂದು ತಡಾ ಮಾಡಬ್ಯಾಡ್ರಿ. 2022ರಾಗ ಜೂನ್ 13ಕ್ಕ ವೋಟಿಂಗ್, 15ಕ್ಕ ಬೆಳಗಾವಿದಾಗ ಎಣಿಕಿ, ನಡು ಒಂದ ದಿನ. ಎಣಿಕಿ ಶುರು ಆಗೂದ್ರೊಳಗ ಕವರ್ ಮುಟ್ಟಲಿಲ್ಲ ಅಂದ್ರ ಆಗ ವಿಜಯಪುರದಾಗ ಟಪಾಲ್ ಡಬ್ಬಿಗೆ ಹಾಕಿದ್ದೂ ಒಂದ, ಮನ್ಯಾಗ ಇಟ್ಕೊಂಡಿದ್ದೂ ಒಂದ ಆಗಿತ್ತು. 2023ರಾಗ ನಿಯಮ ಬದಲಾದ ಮ್ಯಾಲ ಡ್ಯೂಟಿ ಬಿದ್ದಾವ್ರು ಪೋಸ್ಟಲ್ ಬ್ಯಾಲೆಟ್ ಕೌಂಟರಿನ್ಯಾಗ (ಫೆಸಿಲಿಟೇಶನ್ ಸೆಂಟರ್) ಬರದು ಅಲ್ಲೇ ಡಬ್ಬಿಗೆ ಹಾಕಿ ಬರಬೇಕು.

6 ವರ್ಷದ ಅವಧಿ, ಮುಂದಿನದು 2028ಕ್ಕ ಬರ್ತದ. ಹಳೇ ಲಿಸ್ಟ್ ನಡಿಯಂಗಿಲ್ಲ, ಪ್ರತಿ ಸಲಾ ಹೊಸ ಲಿಸ್ಟ್ ಮಾಡ್ತಾರ, ಪದವೀಧರರು ಫಾರ್ಮ್ 18, ಶಿಕ್ಷಕರು ಫಾರ್ಮ್ 19 ಮತ್ತ ಕೊಡಬೇಕು, ಡಿಗ್ರಿ ಸರ್ಟಿಫಿಕೇಟಿನ ಝೆರಾಕ್ಸ್ ಈಗ ತಗಸಿ ಇಟ್ಕೊಳ್ರಿ.