ಹಗರಣಕ್ಕೊಂದು ಅಣಕು ಹಾಡು ಕಟ್ಟುವ ಬಗೆ

ಹಗರಣ ಬಯಲಾದ ದಿನವೇ ಹಾಡು ಬರೆಯಲು ಕೂರಬೇಡಿ. ಆ ದಿನ ಎಲ್ಲರಿಗೂ ಸಿಟ್ಟು ಇರುತ್ತದೆ, ವಿವರ ಯಾರಿಗೂ ಗೊತ್ತಿರುವುದಿಲ್ಲ. ಸಿಟ್ಟಿನ ಕೈಗೆ ಕಳ್ಳ, ಲೂಟಿ, ಭ್ರಷ್ಟ ಎಂಬ ಪದಗಳಷ್ಟೇ ಸಿಗುತ್ತವೆ. ಅವು ಯಾವ ಪಕ್ಷದ ಯಾವ ನಾಯಕನಿಗಾದರೂ ಹೊಂದುತ್ತವೆ, ಹಾಗಾಗಿ ಯಾರಿಗೂ ತಾಗುವುದಿಲ್ಲ. ನಾಲ್ಕು ದಿನ ಪತ್ರಿಕೆ ಕತ್ತರಿಸಿಟ್ಟುಕೊಳ್ಳಿ. ನಾನು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಹಗಲೆಲ್ಲ ಪಹಣಿ, ಮೇಲ್ಮನವಿ, ಆದಾಯ ಪ್ರಮಾಣಪತ್ರ. ಸಂಜೆ ನಮ್ಮ ಬೀದಿನಾಟಕದ ತಂಡಕ್ಕೆ ಹಾಡು. ದೊಡ್ಡ ಆರೋಪಕ್ಕಿಂತ ಚಿಕ್ಕ ವಿವರ ಹೆಚ್ಚು ಚುಚ್ಚುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಆ ಕಾಗದಗಳೇ.

ಆದ್ದರಿಂದ ಮೊದಲ ಕೆಲಸ, ಹಗರಣದೊಳಗಿನ ಒಂದು ವಸ್ತುವನ್ನೋ ಸಂಖ್ಯೆಯನ್ನೋ ಹಿಡಿಯುವುದು. ರಾಜ್ಯದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು, ಸರ್ಕಾರಿ ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆಂದು ದೂರು ಹೇಳಿತು. ದೂರು ಒಂದು ವರ್ಷ ದೂರಾಗಿಯೇ ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡಿನ ನಡುವೆ ಅಂದಿನ ಮುಖ್ಯಮಂತ್ರಿಯ ಮುಖವಿಟ್ಟು ‘ಪೇ ಸಿಎಂ’ ಎಂದು ಕಾಂಗ್ರೆಸ್ಸಿನವರು ಅಂಟಿಸಿದಾಗ ಅದು ಪ್ರತಿ ಬಾಯಿಗೂ ಬಂತು. ತರಕಾರಿ ಅಂಗಡಿಯ ತಕ್ಕಡಿಯ ಪಕ್ಕದಲ್ಲಿ ದಿನಾ ಕಾಣುವ ವಸ್ತುವದು, ವಿವರಣೆ ಬೇಕಾಗಲಿಲ್ಲ. ಸರ್ಕಾರ ಬದಲಾದ ಮೇಲೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನಗಳ ಪ್ರಕರಣ ಬಂತು. ಅಲ್ಲಿ ಹಿಡಿಯಬೇಕಾದದ್ದು ನಿವೇಶನಗಳ ಲೆಕ್ಕ, 14 ಎಂಬ ಸಂಖ್ಯೆ. 50:50 ಅನುಪಾತದ ಯೋಜನೆ, ಕೆಸರೆಯ ಸರ್ವೆ ನಂಬರು ಎಲ್ಲವನ್ನೂ ಹಾಡಿಗೆ ತುಂಬಲು ಹೋದರೆ ಅದು ಭೂಮಾಪಕರ ವರದಿಯಾಗುತ್ತದೆ.

ಇನ್ನು ಧಾಟಿ. ಕೇಳುಗರಿಗೆ ಮೂಲ ಹಾಡು ಬಾಯಿಪಾಠ ಇರಬೇಕು, ಇಲ್ಲದಿದ್ದರೆ ಅಣಕವೇ ಇಲ್ಲ. ನೀವು ಮೆಚ್ಚುವ ಅಪರೂಪದ ಭಾವಗೀತೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಮುಂಬೈಯಲ್ಲಿ 2017ರ ಮಳೆಗಾಲದಲ್ಲಿ ರೇಡಿಯೊ ನಿರೂಪಕಿ ಮಲಿಷ್ಕಾ ಆರಿಸಿಕೊಂಡದ್ದು ಆಗಷ್ಟೇ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದ್ದ ‘ಸೋನು’ ಹಾಡನ್ನು. ಸೋನೂ, ನಿನಗೆ ನನ್ನ ಮೇಲೆ ಭರವಸೆ ಇಲ್ಲವೇ ಎಂದು ಮೂಲದಲ್ಲಿ ಕೇಳುವ ಕಡೆ, ಮಹಾನಗರ ಪಾಲಿಕೆಯ ಮೇಲೆ ಭರವಸೆ ಇಲ್ಲವೇ ಎಂದು ಕೇಳಿದರು. ಗುರಿ ರಸ್ತೆಗುಂಡಿ. ಅದರ ಬೆನ್ನಿಗೇ ಪಾಲಿಕೆಯ ಸಿಬ್ಬಂದಿ ಆಕೆಯ ಮನೆಗೆ ಹೋಗಿ ಸೊಳ್ಳೆಯ ಮರಿಹುಳು ಹುಡುಕಿ ನೋಟಿಸ್ ಕೊಟ್ಟರು. ಶಿವಸೇನೆಯ ಸದಸ್ಯರು 500 ಕೋಟಿ ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡಬೇಕೆಂದರು. ಹಾಡನ್ನು ಕೇಳದೇ ಉಳಿದವರೂ ಆಗ ಹುಡುಕಿ ಕೇಳಿದರು. ಇಂಥ ಪ್ರಚಾರವನ್ನು ದುಡ್ಡು ಕೊಟ್ಟು ಕೊಳ್ಳಲು ಸಾಧ್ಯವಿಲ್ಲ!

ನಾನು ಹೊಸ ಸಿನಿಮಾ ಹಾಡುಗಳಿಗೆ ಕೈ ಹಾಕುವುದು ಕಡಿಮೆ, ಕಾರಣ ಮುಂದೆ ಹೇಳುತ್ತೇನೆ. ನನ್ನ ನೆಚ್ಚಿನ ಧಾಟಿ ಗೋವಿನ ಹಾಡಿನದು. ಕರ್ನಾಟಕದ ಶಾಲೆಯಲ್ಲಿ ಓದಿದವರು ಯಾರೂ ಅದನ್ನು ಮರೆತಿಲ್ಲ, ಅದರ ಮೇಲೆ ಯಾವ ಕಂಪನಿಗೂ ಹಕ್ಕಿಲ್ಲ. ಜೊತೆಗೆ ಕಥೆಯೇ ಕೊಟ್ಟ ಮಾತು ಉಳಿಸಿಕೊಳ್ಳುವುದರ ಬಗ್ಗೆ. (ಅದರಲ್ಲಿ ಹುಲಿಯೂ ನಾಚಿ ಪ್ರಾಣ ಬಿಡುತ್ತದೆ. ನಾವು ರಾಜೀನಾಮೆಯನ್ನಷ್ಟೇ ಕೇಳುತ್ತಿದ್ದೇವೆ.) ಹಸುವನ್ನಾಗಲಿ ಮೂಲ ಪದ್ಯವನ್ನಾಗಲಿ ಗೇಲಿ ಮಾಡಬೇಡಿ, ಧಾಟಿಯನ್ನಷ್ಟೇ ಎರವಲು ಪಡೆಯಿರಿ.

ಈಗ ನಿಜವಾದ ಕೆಲಸ. ಮೂಲವನ್ನು ಮಾತ್ರೆಗೆ ಒಡೆಯಿರಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆಯಿರುವ ಅಕ್ಷರಕ್ಕೂ ಎರಡು. ಧರಣಿ – ಮೂರು. ಮಂಡಲ – ನಾಲ್ಕು. ಮಧ್ಯ – ಮೂರು. ‘ದೊಳಗೆ’ ಲೆಕ್ಕಕ್ಕೆ ಮೂರೇ ಆದರೂ ಹಾಡುವಾಗ ಕೊನೆಯನ್ನು ಎಳೆದು ನಾಲ್ಕು ಮಾಡುತ್ತೇವೆ. ಮೂರು ನಾಲ್ಕು, ಮೂರು ನಾಲ್ಕು – ಇದೇ ಅದರ ನಡಿಗೆ. ಈ ನಡಿಗೆಯ ಮೇಲೆ ‘ಭ್ರಷ್ಟಾಚಾರಿ’ಯನ್ನು ಕೂರಿಸಿ ನೋಡಿ. ಮೂರು ಇರಬೇಕಾದ ಕಡೆ ‘ಭ್ರಷ್ಟಾ’ ಎಂದು ನಾಲ್ಕು ಬಂದು ಕೂರುತ್ತದೆ, ಮೊದಲ ಹೆಜ್ಜೆಯಲ್ಲೇ ಹಾಡುವವರ ಉಸಿರು ಕಟ್ಟುತ್ತದೆ. ಅದೇ 40ರ ಲೆಕ್ಕವನ್ನು ಹೀಗೆ ಇಡಬಹುದು:

ನೂರರಲಿ ನಲವತ್ತು ಬಿಟ್ಟರೆ
ರಸ್ತೆಗುಳಿವುದು ಎಷ್ಟು ಕಂದಾ

ನೂರ, ರಲಿ ನಲ, ವತ್ತು, ಬಿಟ್ಟರೆ. ರಸ್ತೆ, ಗುಳಿವುದು, ಎಷ್ಟು, ಕಂದಾ. ಎಲ್ಲೂ ಎಳೆಯಬೇಕಾಗಿಲ್ಲ, ನುಂಗಬೇಕಾಗಿಲ್ಲ. ಹಸು ಕರುವಿಗೆ ಹೇಳುವ ದನಿಯೂ ‘ಕಂದಾ’ದಿಂದ ಬಂತು. ಮುಖ್ಯ ಸಂಗತಿ, ಇದು ಪ್ರಶ್ನೆ. ನಾವು ಯಾರನ್ನೂ ಏನೂ ಅನ್ನಲಿಲ್ಲ, ಒಂದು ಕಳೆಯುವ ಲೆಕ್ಕ ಕೇಳಿದೆವು. ಇಲ್ಲಿ ತಮಟೆ ನಿಲ್ಲಿಸಿ ಎರಡು ಗಳಿಗೆ ಸುಮ್ಮನಿರಿ. ಜನರೇ ‘ಅರವತ್ತು’ ಎಂದು ಕೂಗುತ್ತಾರೆ. ಉತ್ತರವನ್ನು ನೀವೇ ಬರೆದುಬಿಟ್ಟರೆ ಅವರಿಗೆ ಉಳಿಯುವುದು ಚಪ್ಪಾಳೆಯೊಂದೇ.

ಎದುರು ಪಕ್ಷಕ್ಕೂ ಒಂದು ಚರಣ ಇರಲೇಬೇಕು. ಇಲ್ಲದಿದ್ದರೆ ಹಾಡು ಮುಗಿಯುವ ಮೊದಲೇ ‘ಎಷ್ಟು ಕೊಟ್ಟರು’ ಎಂದು ಕೇಳುವವರು ಇರುತ್ತಾರೆ.

ಪಡೆದ ಹದಿನಾಲ್ಕನ್ನು ಮರಳಿಸೆ
ಲೆಕ್ಕ ಮುಗಿಯಿತೆ ಹೇಳು ಅಣ್ಣಾ

ನಿವೇಶನಗಳು ಇದ್ದದ್ದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಪತ್ನಿಯ ಹೆಸರಿನಲ್ಲಿ, 2024ರಲ್ಲಿ ಅವನ್ನು ಮರಳಿಸಿದ್ದೂ ಅವರೇ. ಆದರೂ ಹಾಡು ಅವರನ್ನು ಮಾತಾಡಿಸುವುದಿಲ್ಲ, ಅಧಿಕಾರದಲ್ಲಿ ಇರುವವರನ್ನು ಮಾತಾಡಿಸುತ್ತದೆ. ಸಾಕ್ಷ್ಯ ಸಾಲದೆಂದು ಲೋಕಾಯುಕ್ತ ಪೊಲೀಸರು 2025ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ, ಈ ಚರಣ ಹಾಡುವ ಮುಂಚೆ ಆ ಮಾತನ್ನು ಗದ್ಯದಲ್ಲಿ ಹೇಳಿಬಿಡುತ್ತೇವೆ. ನಗು ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ.

ಜಾತಿ, ಮೈಬಣ್ಣ, ಹೊಟ್ಟೆ, ಉಗ್ಗು, ಯಾರ ಮನೆಯ ಹೆಣ್ಣುಮಕ್ಕಳು – ಇವು ಹಾಡಿನೊಳಗೆ ಬರಕೂಡದು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ 2025ರ ಮಾರ್ಚ್‌ನಲ್ಲಿ ಹರಿಯಬಿಟ್ಟ ಅಣಕು ಹಾಡನ್ನೇ ತೆಗೆದುಕೊಳ್ಳಿ. 1997ರ ಹಿಂದಿ ಸಿನಿಮಾ ಧಾಟಿ, ಮಹಾರಾಷ್ಟ್ರದ ಶಿವಸೇನೆಯ ನಾಯಕ ಏಕನಾಥ ಶಿಂದೆಯವರ ಹೆಸರನ್ನು ಎತ್ತದೆಯೇ ಅವರೆಂದು ಗೊತ್ತಾಗುವ ಜಾಣತನ, ಪಕ್ಷ ಒಡೆದದ್ದರ ಮೇಲೆ ನೇರ ಏಟು: ಕಸುಬು ಅಲ್ಲಿದೆ. ಗಡ್ಡ, ಕನ್ನಡಕದ ಸಾಲು ಮಾತ್ರ ನನಗೆ ಹಿಡಿಸಲಿಲ್ಲ. 2022ರಲ್ಲಿ ಸರ್ಕಾರ ಬಿದ್ದದ್ದು ಗಡ್ಡದಿಂದಲ್ಲ. ಆದರೆ ಆಮೇಲೆ ನಡೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಶಿಂದೆ ಬಣದ ಕಾರ್ಯಕರ್ತರು ಕಾರ್ಯಕ್ರಮ ಚಿತ್ರೀಕರಿಸಿದ್ದ ಮುಂಬೈಯ ಖಾರ್‌ನ ಸಭಾಂಗಣವನ್ನು ಪುಡಿಗಟ್ಟಿದರು, ಮರುದಿನ ಪಾಲಿಕೆ ಬಂದು ಒಂದಷ್ಟು ಭಾಗ ಕೆಡವಿತು. ತಮಿಳುನಾಡಿನಲ್ಲಿ ನೆಲೆಸಿರುವ ಕಾಮ್ರಾ ಬಂಧನದ ವಿರುದ್ಧ ಮದ್ರಾಸ್ ಹೈಕೋರ್ಟಿನಿಂದ ಮಧ್ಯಂತರ ರಕ್ಷಣೆ ಪಡೆದರು. ಪೆಟ್ಟು ತಿಂದದ್ದು ಜಾಗ ಕೊಟ್ಟವರು. ಹಾಗಾಗಿ ಹಾಡಿನ ಪೂರ್ತಿ ಸಾಹಿತ್ಯವನ್ನು ಜಾಗದ ಮಾಲೀಕರಿಗೆ ಮೊದಲೇ ಓದಿಸಿ, ಬೇಡ ಎಂದರೆ ಒತ್ತಾಯ ಮಾಡಬೇಡಿ.

ಅದೇ ಕಾರ್ಯಕ್ರಮದ ವಿಡಿಯೊಗೆ ಸಂಗೀತ ಕಂಪನಿಯೊಂದು ಹಕ್ಕುಸ್ವಾಮ್ಯದ ತಕರಾರನ್ನೂ ತೆಗೆಯಿತು. ನಾನು ಸಿನಿಮಾ ಹಾಡಿನಿಂದ ದೂರ ಇರುವುದು ಇದಕ್ಕೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ, ಆದರೆ ಧಾಟಿಯನ್ನು ಗುರುತಿಸಿ ವಿಡಿಯೊ ತಡೆಯುವ ಯಂತ್ರ ಯಾವ ಕಲಮನ್ನೂ ಓದಿಲ್ಲ. ಸಿನಿಮಾ ಧಾಟಿಯೇ ಬೇಕಾದರೆ ಮೂಲದ ಟ್ರ್ಯಾಕ್ ಬಳಸದೆ ನಿಮ್ಮದೇ ಹಾರ್ಮೋನಿಯಂನಲ್ಲಿ ನುಡಿಸಿ. ತಕರಾರು ಆಗಲೂ ಬರಬಹುದು. ಇನ್ನು ಮಾನನಷ್ಟ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆಯಿದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ, ಅಧಿಕಾರಸ್ಥರ ನಡತೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ಅದರಲ್ಲೇ ವಿನಾಯಿತಿಯೂ ಇದೆ. ಪ್ರತಿ ಸಾಲಿಗೂ ಒಂದು ಪತ್ರಿಕಾ ತುಣುಕು ಜೊತೆಗಿರಲಿ. ನನ್ನ ಕಡತದಲ್ಲಿ ಹಾಡಿನ ಹಾಳೆ ಒಂದು, ಅದರ ಹಿಂದೆ ಜೆರಾಕ್ಸ್ ಹಾಳೆಗಳ ಕಂತೆ.

ಚಿತ್ರೀಕರಣ ದೊಡ್ಡ ವಿದ್ಯೆಯಲ್ಲ. ಮೊಬೈಲನ್ನು ನೆಟ್ಟಗೆ ಹಿಡಿಯಿರಿ, ತಮಟೆಯವರನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ. ಹಾಡುವವರ ಪಕ್ಕದಲ್ಲೇ ತಮಟೆ ಬಾರಿಸಿದರೆ ಪದಗಳು ಕೇಳುವುದಿಲ್ಲ, ಪದ ಕೇಳದ ಅಣಕು ಹಾಡು ಬರೀ ಗದ್ದಲ. ಸಾಲುಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಕೆಳಗೆ ಹಾಕಿ. ಬಸ್ಸಿನಲ್ಲಿ ಕೂತವರು ದನಿ ಮುಚ್ಚಿಕೊಂಡೇ ನೋಡುತ್ತಾರೆ. ಪೀಠಿಕೆ, ನಮಸ್ಕಾರ, ತಂಡದ ಪರಿಚಯ ಯಾವುದೂ ಬೇಡ. ಮೊದಲ ದನಿಯೇ ಮೊದಲ ಸಾಲಾಗಿರಲಿ.

ಹರಿಯಬಿಡುವ ಮೊದಲು ಒಂದು ಪರೀಕ್ಷೆ. ಧಾಟಿ ಇಲ್ಲದೆ, ಬರೀ ಮಾತಿನಲ್ಲಿ ಆ ಎರಡು ಸಾಲನ್ನು ಚಹಾ ಅಂಗಡಿಯಲ್ಲಿ ಯಾರಿಗಾದರೂ ಹೇಳಿ. ಅವರೇ ರಾಗ ಎತ್ತಿಕೊಂಡರೆ ಹಾಡು ಸಿದ್ಧ. ‘ಏನಂದಿರಿ?’ ಎಂದರೆ ಮತ್ತೆ ಮಾತ್ರೆ ಎಣಿಸಿ.

ವಿಡಿಯೊದ ಮೂಲೆಯಲ್ಲಿ ದಿನಾಂಕ ಮತ್ತು ಊರಿನ ಹೆಸರನ್ನು ಮೊದಲಿನಿಂದ ಕೊನೆಯವರೆಗೂ ಇರುವಂತೆ ಹಾಕಿ. ಚುನಾವಣೆ ಬಂದಾಗ ಯಾರೋ ಇದನ್ನು ಕತ್ತರಿಸಿ, ಮತ್ತಾರದೋ ಫೋಟೊ ಅಂಟಿಸಿ ಹಂಚುತ್ತಾರೆ. ಆಗ ಠಾಣೆಯಿಂದ ಕರೆ ಬರುವುದು ನಿಮಗೆ. ಕತ್ತರಿಸದ ಮೂಲ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ತಂಡದಲ್ಲಿ ಹಾಡಲು ಬಾರದ ಒಬ್ಬರ ಕೈಗೆ ಕೊಟ್ಟಿಡಿ.